ಲೀಗಿನಲ್ಲಿ ಉಳಿದವರು

೬ ಅಕ್ಟೋಬರ್ ೨೦೨೦, ಮಂಗಳವಾರ. ಹಮಾಮತ್ಸು

ಇವತ್ತು ನಾನು ಕಬಡ್ಡಿ ತಂಡವೊಂದರ ಹೊಣೆಗಾರಳಾದೆ. ಬರೆದಿಡದಿದ್ದರೆ ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ವಿಭಾಗದ ಮುಖ್ಯಸ್ಥರಾದ ಒಗಾವಾ ಸಾನ್ ಮಾಸ್ಕ್ ಹಾಕಿಕೊಂಡು ಎರಡು ಮೀಟರ್ ದೂರದಲ್ಲಿ ನಿಂತು ವಿಷಯ ಹೇಳಿದರು. ಇಲ್ಲಿ ವಿದ್ಯಾರ್ಥಿಗಳ ಪ್ರತಿ ಕ್ಲಬ್ಬಿಗೂ ಅಧ್ಯಾಪಕರೊಬ್ಬರು ಜವಾಬ್ದಾರರಾಗಿರಬೇಕು. ಅವರನ್ನು ಕೊಮೊನ್ ಎನ್ನುತ್ತಾರೆ. ಹುಡುಗಿಯರ ಕಬಡ್ಡಿ ಕ್ಲಬ್ಬಿನ ಕೊಮೊನ್ ನಿವೃತ್ತರಾಗಿದ್ದಾರೆ. ನಾನು ಭಾರತದವಳು, ಆದ್ದರಿಂದ ನಾನೇ ಸೂಕ್ತ. ನನಗೆ ಆಟ ಬರುವುದಿಲ್ಲ ಎಂದೆ. ಅವರು ಅದನ್ನು ವಿನಯ ಎಂದುಕೊಂಡರು. ಈ ದೇಶದಲ್ಲಿ ಆರು ವರ್ಷ ಕಳೆದ ಮೇಲೂ ನಾನು ನಿಜ ಹೇಳಿದಾಗಲೆಲ್ಲ ಅದು ವಿನಯವಾಗಿಯೇ ಕೇಳಿಸುತ್ತದೆ.

ಮೈಸೂರಿನ ಶಾಲೆಯಲ್ಲಿ ಕಬಡ್ಡಿ ಪಿರಿಯಡ್ ಬಂದರೆ ನಾನು ಪಾಯಿಂಟ್ ಬರೆಯುತ್ತ ಕೂರುತ್ತಿದ್ದವಳು. ಈಗ ನನ್ನ ಕೆಲಸ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಎಣಿಸುವುದು. ವರ್ಷಕ್ಕೆ ನಾಲ್ಕು ಕಾಗದಗಳಿಗೆ ಮೊಹರು ಒತ್ತಿದರೆ ಸಾಕಂತೆ. ಒತ್ತುತ್ತೇನೆ. ಅದಕ್ಕಿಂತ ಹೆಚ್ಚು ಯಾರೂ ಕೇಳಬಾರದು.

೧೬ ಅಕ್ಟೋಬರ್, ಶುಕ್ರವಾರ

ಅವರ ಕ್ಲಬ್ಬಿನ ನಾಯಕಿ ಬಂದಿದ್ದಳು. ಮೊಚಿಜುಕಿ ಎಂದು ಹೆಸರು, ಎರಡನೆಯ ವರ್ಷದ ಅರ್ಥಶಾಸ್ತ್ರದ ಹುಡುಗಿ. ಹಿರಿಯರೆಲ್ಲ ಪಿಡುಗಿನ ಭಯಕ್ಕೆ ಬಿಟ್ಟುಹೋದದ್ದರಿಂದ ನಾಯಕತ್ವ ಇವಳ ಪಾಲಿಗೆ ಬಂದಿದೆ. ಒಟ್ಟು ಎಂಟು ಜನ. ಆಟಕ್ಕೆ ಏಳು ಜನ ಬೇಕು. ಒಬ್ಬಳ ಕಾಲು ಉಳುಕಿದರೂ ನಡೆಯುತ್ತದೆ, ಇಬ್ಬರದು ಉಳುಕಬಾರದು.

ವಿಶ್ವವಿದ್ಯಾಲಯ ಆಟದ ಮನೆಯಲ್ಲಿ ದನಿ ಎತ್ತುವುದನ್ನು ನಿಷೇಧಿಸಿದೆ. ಹಾಗಾಗಿ ಇವರು 'ಕಬಡ್ಡಿ ಕಬಡ್ಡಿ' ಅನ್ನದೆ ತೊಡೆ ತಟ್ಟಿಕೊಂಡು ರೈಡ್ ಮಾಡುವ ಅಭ್ಯಾಸ ನಡೆಸಿದ್ದಾರೆ. ನೋಡಿದೆ. ಎಂಟು ಹುಡುಗಿಯರು ಒಬ್ಬರನ್ನೊಬ್ಬರು ಮುಟ್ಟದೆ, ಬಾಯಿ ಬಿಡದೆ ಕಬಡ್ಡಿ ಆಡುತ್ತಿದ್ದರು. ಸರಿಯಾಗಿ ಹೇಗೆ ಅನ್ನಬೇಕು ಎಂದು ಕೇಳಿದರು. 'ಕಬಡ್ಡಿ' ಎಂದೆ. 'ಡ್ಡಿ'ಯ ಭಾರ ಅವರ ನಾಲಿಗೆಗೆ ಏರಲಿಲ್ಲ. ಎಲ್ಲರೂ ಮಾಸ್ಕಿನೊಳಗೆ ಮೆಲ್ಲಗೆ ಅಂದು ನೋಡಿದರು, ನಕ್ಕರು.

೨೧ ನವೆಂಬರ್, ಶನಿವಾರ

ಲೀಗಿನ ಸಭೆ, ಜೂಮಿನಲ್ಲಿ. ಮಧ್ಯ ಜಪಾನಿನ ಆರು ಕಾಲೇಜುಗಳ ಲೀಗ್ ಇದು. ನಗೋಯಾದ ಎರಡು ದೊಡ್ಡ ವಿಶ್ವವಿದ್ಯಾಲಯಗಳು ೨೦೨೨ರ ಏಪ್ರಿಲಿನಿಂದ ಲೀಗ್ ಬಿಟ್ಟು ಒಸಾಕಾ ಕಡೆಯ ಲೀಗಿಗೆ ಸೇರುತ್ತವಂತೆ. ಅಲ್ಲಿ ತಂಡಗಳು ಹೆಚ್ಚು, ಪೈಪೋಟಿ ಹೆಚ್ಚು. ತುಂಬ ನಯವಾಗಿ ಹೇಳಿದರು, ಪರದೆಯಲ್ಲೇ ತಲೆ ಬಾಗಿಸಿದರು.

ನಾಲ್ಕಕ್ಕಿಂತ ಕಡಿಮೆ ತಂಡಗಳಿದ್ದರೆ ಲೀಗ್ ರದ್ದು, ರಾಷ್ಟ್ರೀಯ ಪಂದ್ಯಕ್ಕೆ ಕಳಿಸುವ ಹಕ್ಕೂ ಇಲ್ಲ. ಆರರಲ್ಲಿ ಎರಡು ಹೋದರೆ ನಾಲ್ಕು. ಲೆಕ್ಕ ಸರಿ ಇದೆ ಎಂದು ಬೇರೆ ಕಿಟಕಿಯಲ್ಲಿ ನನ್ನ ಪ್ರಬಂಧ ತಿದ್ದುತ್ತ ಕೂತೆ. ಇಡೀ ಸಭೆಯಲ್ಲಿ ಪ್ರಶ್ನೆ ಕೇಳಿದವರು ಒಬ್ಬರೇ: ಇದಾ ಊರಿನ ಪುಟ್ಟ ಕಾಲೇಜಿನ ಕೊಮೊನ್ ಕುಮಾಗಾಯ್ ಸಾನ್, ಅರವತ್ತೈದು ದಾಟಿದವರು. ಮೊದಲು ಮೈಕ್ ಆನ್ ಮಾಡಲು ಮರೆತು ಪೂರ್ತಿ ಪ್ರಶ್ನೆ ಕೇಳಿದರು, ಆಮೇಲೆ ಇನ್ನೊಮ್ಮೆ ಕೇಳಿದರು. ಇನ್ನೂ ಯಾರಾದರೂ ಹೋಗುವವರಿದ್ದರೆ ಈಗಲೇ ಹೇಳುತ್ತೀರಾ ಎಂದು. ಯಾರೂ ಹೇಳಲಿಲ್ಲ.

೮ ಡಿಸೆಂಬರ್, ಮಂಗಳವಾರ

ಆರೋಗ್ಯ ಸಮಿತಿಯಿಂದ ಪತ್ರ. ಬಾಯಿ ಬಿಟ್ಟು ಅಭ್ಯಾಸ ಮಾಡಲು ಹುಡುಗಿಯರು ಹಾಕಿದ್ದ ಅರ್ಜಿ ತಿರಸ್ಕೃತ. ಕಾರಣ: 'ಈ ಆಟದ ಉಚ್ಚಾರಣೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಯಾವ ಅಳತೆಯೂ ಲಭ್ಯವಿಲ್ಲ.'

ಲಭ್ಯವಿಲ್ಲವೆಂದರೆ? ಅಳೆಯುವ ಯಂತ್ರ ನನ್ನ ಲ್ಯಾಬಿನಲ್ಲೇ ಇದೆ. ಕಟ್ಟಡ ಅದೇ, ಮಹಡಿ ಬೇರೆ. ಬೇಡ ಅನ್ನುವುದಿದ್ದರೆ ಬೇಡ ಅನ್ನಲಿ, ಅಳತೆಯಿಲ್ಲ ಎಂದು ನನ್ನ ಮುಂದೆ ಹೇಳಬಾರದು.

೧೮ ಡಿಸೆಂಬರ್, ಶುಕ್ರವಾರ

ಮೂರು ದಿನ ಅಳೆದೆವು. ಒಬ್ಬೊಬ್ಬಳೇ ಕೋಣೆಯೊಳಗೆ ಬಂದು ಕೊಳವೆಯ ಮುಂದೆ ಮೂವತ್ತು ಸೆಕೆಂಡ್ ಕಬಡ್ಡಿ ಅನ್ನಬೇಕು. ಮಾಸ್ಕ್ ಇಲ್ಲದೆ ಒಮ್ಮೆ, ಬಟ್ಟೆಯದು ಹಾಕಿ ಒಮ್ಮೆ, ಆಸ್ಪತ್ರೆಯವರು ಹಾಕುವಂಥದ್ದು ಹಾಕಿ ಒಮ್ಮೆ. ಕೂಗಿ, ಆಮೇಲೆ ಮೆಲ್ಲಗೆ. ಕೂಗುವುದಕ್ಕೂ ತಗ್ಗಿದ ದನಿಯಲ್ಲಿ ಅನ್ನುವುದಕ್ಕೂ ಅಜಗಜಾಂತರ. ಒಳ್ಳೆಯ ಮಾಸ್ಕ್ ಹಾಕಿ ಮೆಲ್ಲಗೆ ಅಂದರೆ, ತರಗತಿಯಲ್ಲಿ ಪಾಠ ಮಾಡುವ ನಾನೇ ಹೆಚ್ಚು ಕಣ ಬಿಡುತ್ತೇನೆ. ಅದನ್ನೂ ಅಳೆದು ಸೇರಿಸಿದೆ.

ಹನ್ನೊಂದು ಪುಟದ ವರದಿ ಕಳಿಸಿದೆ. ಒಗಾವಾ ಸಾನ್ ನೋಡಿ, ಪ್ರಬಂಧದ ಗಡುವು ನೆನಪಿದೆಯೇ ಎಂದರು. ನೆನಪಿದೆ.

೧೫ ಜನವರಿ ೨೦೨೧, ಶುಕ್ರವಾರ

ಅನುಮತಿ ಸಿಕ್ಕಿತು. ಕಿಟಕಿಗಳೆಲ್ಲ ತೆರೆದು, ಮಾಸ್ಕ್ ಹಾಕಿ, ತಗ್ಗಿದ ದನಿಯಲ್ಲಿ, ಒಂದು ಸಲಕ್ಕೆ ಇಪ್ಪತ್ತು ನಿಮಿಷ. ಜನವರಿಯ ಗಾಳಿ ಆಟದ ಮನೆಯೊಳಗೆ ಸುಯ್ಯೆನ್ನುತ್ತಿತ್ತು. ಹುಡುಗಿಯರ ಕಿವಿ ಕೆಂಪಾಗಿದ್ದವು, ಯಾರೂ ನಿಲ್ಲಿಸಲಿಲ್ಲ.

೨೭ ಫೆಬ್ರುವರಿ, ಶನಿವಾರ

ಶಿಜುಒಕದವರೂ ಹೋಗುತ್ತಾರೆ, ತೋಕ್ಯೋ ಕಡೆಯ ಕಾಂತೋ ಲೀಗಿಗೆ. ನವೆಂಬರಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದವರು ಇವರೇ. ಅಲ್ಲಿಗೆ ಉಳಿದದ್ದು ಮೂರು: ಹಮಾಮತ್ಸು, ತೊಯೊಹಾಶಿ, ಇದಾ. ಲೀಗ್ ಮುಗಿದಂತೆಯೇ.

ಸಂಜೆ ಆ ಲೀಗಿನವರಿಂದಲೇ ಒಂದು ಮೇಲ್. ಕಾಂತೋ ಲೀಗಿನಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ. ಕಣಗಳ ವರದಿಯನ್ನು ಅವರು ಓದಿದ್ದಾರೆ, ನಮ್ಮೂರಿಗೆ ಶಿಂಕಾನ್ಸೆನ್ ಎಂಬ ವೇಗದ ರೈಲೂ ಇದೆ. ನೀವು ಬರುತ್ತೀರಾ?

ತೋಕ್ಯೋ ಪಕ್ಕದ ಗ್ಯೋಟೋಕುವಿನಲ್ಲಿರುವ ಗೆಳತಿ ಹಂಸಾಗೆ ಫೋನ್ ಮಾಡಿದೆ. ಮೈಸೂರಿನ ಹಾಸ್ಟೆಲಿನಿಂದಲೂ ಅವಳು ಹೀಗೇ, ಯೋಚಿಸುವ ಮೊದಲೇ ಉತ್ತರ ಕೊಡುತ್ತಾಳೆ.

"ಇದ್ರಲ್ಲಿ ಥಿಂಕ್ ಮಾಡೋಕೇನಿದೆ ಕಣೇ? ಸೀಟ್ ಸಿಕ್ಕಿದೆ, ಹತ್ಕೊ. ಉಳಿದೋರು ಅವರವರ ದಾರಿ ನೋಡ್ಕೋತಾರೆ."

ಅವಳು ಹೇಳುವುದು ಸರಿ. ಎಂಟು ಹುಡುಗಿಯರಿಗೆ ಆಡಲು ಒಂದು ಲೀಗ್ ಸಿಗುತ್ತದೆ, ನನ್ನ ತಲೆನೋವು ಕಳೆಯುತ್ತದೆ.

ಆಮೇಲೆ ಕುಮಾಗಾಯ್ ಸಾನ್ ಕರೆ ಮಾಡಿದರು. ಸುದ್ದಿ ಆಗಲೇ ಗೊತ್ತಾಗಿತ್ತು. ಅಭಿನಂದನೆ ಹೇಳಿದರು. ಬೇರೆ ಏನೂ ಕೇಳಲಿಲ್ಲ. ಏನಾದರೂ ಕೇಳಿದ್ದರೆ ಉತ್ತರ ತಯಾರಿತ್ತು.

೨೧ ಮಾರ್ಚ್, ಭಾನುವಾರ

ಇದಾ ಊರಿಗೆ ಹೋಗಿ ಬಂದೆವು. ಹೋಗಲೇಬೇಕೆಂದೇನೂ ಇರಲಿಲ್ಲ. ಬಿಟ್ಟುಹೋಗುವ ಮೊದಲು ಒಂದು ಅಭ್ಯಾಸ ಪಂದ್ಯವಾದರೂ ಆಡೋಣ ಎಂದಳು ಮೊಚಿಜುಕಿ. ತೊಯೊಹಾಶಿಯಿಂದ ಬೆಟ್ಟದೊಳಗೆ ಹೋಗುವ ಸಣ್ಣ ರೈಲು ಪ್ರತಿ ಹಳ್ಳಿಯಲ್ಲೂ ನಿಂತಿತು, ಜನ ಇಳಿಯದ ಕಡೆಯೂ ನಿಂತಿತು. ಕಿಟಕಿಯ ಪಕ್ಕದಲ್ಲೇ ತೆನ್ರ್ಯೂ ನದಿ. ಒಟ್ಟು ನಾಲ್ಕು ಗಂಟೆಯ ಪ್ರಯಾಣ.

ಶಿಶುವಿಹಾರದ ಶಿಕ್ಷಕಿಯರನ್ನು ತಯಾರು ಮಾಡುವ ಕಾಲೇಜು ಅದು. ಕುಮಾಗಾಯ್ ಸಾನ್ ಅಲ್ಲಿ ಕಚೇರಿ ಗುಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೂ ತಂಡಕ್ಕಾಗಿ ಬರುತ್ತಾರೆ, ಚಾಪೆಗಳನ್ನು ತಾವೇ ಹಾಸಿ ತಾವೇ ಒರೆಸುತ್ತಾರೆ. ಅವರ ಹುಡುಗಿಯರು ಏಳೇ ಜನ. ಅದರಲ್ಲಿ ಶಿಓಜಾವಾ ಎಂಬ ಕುಳ್ಳ ಹುಡುಗಿ ಕನ್ನಡಕವನ್ನು ಎಲಾಸ್ಟಿಕ್ಕಿನಿಂದ ತಲೆಗೆ ಬಿಗಿದುಕೊಂಡು ಆಡುತ್ತಾಳೆ. ನಮ್ಮ ಮೂವರು ಹಿಡಿದರೂ ಅವರ ಕಾಲ ಸಂದಿಯಲ್ಲಿ ನುಸುಳಿ ಗೆರೆ ಮುಟ್ಟಿದಳು. ನಾನು ಪಾಯಿಂಟ್ ಬರೆಯುವ ಕೆಲಸ ಕೇಳಿ ಪಡೆದೆ. ೨೬–೨೪, ಗೆದ್ದೆವು.

ಹೊರಡುವಾಗ ಕುಮಾಗಾಯ್ ಸಾನ್ ಒಣಗಿಸಿದ ಪರ್ಸಿಮನ್ ಹಣ್ಣಿನ ಪೊಟ್ಟಣ ಕೊಟ್ಟರು. ಏಪ್ರಿಲಿಗೆ ಹೊಸಬರು ಬರುತ್ತಾರೆಯೇ ಎಂದು ಕೇಳಿದೆ. ಒಬ್ಬರೋ ಇಬ್ಬರೋ ಬರಬಹುದು, ಆದರೆ ಆಡಲು ಲೀಗ್ ಇಲ್ಲದ ತಂಡಕ್ಕೆ ಬನ್ನಿ ಎಂದು ಹೇಗೆ ಕರೆಯಲಿ ಎಂದರು. ದೂರಿನ ದನಿಯಲ್ಲ, ನಿಜವಾಗಿಯೂ ಕೇಳುತ್ತಿದ್ದರು.

೨೯ ಏಪ್ರಿಲ್, ಗುರುವಾರ

ಅಣ್ಣನಿಗೆ, ನಮ್ಮ ರಾಮಣ್ಣನಿಗೆ, ಕೋವಿಡ್. ಮೈಸೂರಿನಲ್ಲಿ ಬೆಡ್ ಇಲ್ಲ. ವಿಜಯತ್ತಿಗೆ ಬೆಳಗಿನಿಂದ ಹುಡುಕುತ್ತಿದ್ದಾಳೆ. ನಾನು ಇಲ್ಲಿಂದ ನಂಬರುಗಳಿಗೆ ಫೋನ್ ಮಾಡುತ್ತಿದ್ದೇನೆ.

೪ ಮೇ, ಮಂಗಳವಾರ

ಬೆಡ್ ಸಿಕ್ಕಿದೆ. ಆಕ್ಸಿಜನ್ ಮೇಲಿದ್ದಾನೆ. ಹೋದರೆ ಮತ್ತೆ ಈ ದೇಶದೊಳಕ್ಕೆ ಬಿಡುವುದು ಯಾವಾಗಲೋ ಗೊತ್ತಿಲ್ಲ. ಬರಬೇಡ ಎಂದಳು ಅತ್ತಿಗೆ.

ಶನಿವಾರ ಕಾಂತೋ ಲೀಗಿನವರೊಂದಿಗೆ ಸಭೆ. ನನ್ನಿಂದಾಗದು. ಮೊಚಿಜುಕಿಗೆ ನೀನೇ ಹೋಗಿ ಒಪ್ಪಿಗೆ ಹೇಳಿಬಿಡು ಎಂದೆ.

೯ ಮೇ, ಭಾನುವಾರ

ಹಾಗೇ ಇದ್ದಾನೆ.

೧೩ ಮೇ, ಗುರುವಾರ

ಅಣ್ಣ ವಿಡಿಯೊದಲ್ಲಿ ಕಂಡ. ಮಾತಾಡಬೇಡ ಎಂದರೂ ಕೇಳದೆ, "ಅಲ್ಲಿ ಊಟ ಸರಿಯಾಗಿ ಮಾಡ್ತೀಯೇನೇ?" ಎಂದ. ನಾಲ್ಕೇ ಪದಕ್ಕೆ ಮೂರು ಸಲ ಉಸಿರು ಎಳೆದುಕೊಂಡ. ಬದುಕಿದ. ಇವತ್ತು ಅನ್ನ ಸಾರು ಮಾಡಿ ಉಂಡೆ.

೧೫ ಮೇ, ಶನಿವಾರ

ಸಭೆಯಲ್ಲಿ ಏನಾಯಿತೆಂದು ಇವತ್ತು ಕೇಳಿದೆ. ಮೊಚಿಜುಕಿ ಎದ್ದು ನಿಂತು ಉತ್ತರಿಸಿದಳು.

"ನಮ್ಮನ್ನು ಮಾತ್ರ ಕರೆದರೆ ಬರುವುದಿಲ್ಲ, ಮೂರು ಕಾಲೇಜುಗಳನ್ನೂ ಕರೆಯಿರಿ ಎಂದೆ. ಕ್ಷಮಿಸಿ ಸೆನ್ಸೇ."

ನನಗೆ ಸಿಟ್ಟು ಬಂತು. ಎರಡು ವಾರದ ಭಯವೆಲ್ಲ ಅವಳ ಮೇಲೆ ಹರಿಯಿತು. ಒಪ್ಪಿಕೊಂಡು ಬಾ ಎಂದು ಕಳಿಸಿದ್ದೆ, ನಿನ್ನ ಒಳ್ಳೆಯತನಕ್ಕೆ ಏಳು ಜನರ ಅವಕಾಶ ಕಳೆದೆ, ಲೀಗ್ ಅಂದರೆ ದಾನಧರ್ಮವಲ್ಲ ಎಂದೆ. ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದಳು.

"ಒಳ್ಳೆಯತನ ಅಲ್ಲ ಸೆನ್ಸೇ. ಹೊಸ ಲೀಗ್ ಶುರುವಾಗುವುದು ಮುಂದಿನ ವರ್ಷ. ಆ ವೇಳೆಗೆ ನಮ್ಮಲ್ಲಿ ನಾಲ್ವರು ಓದು ಮುಗಿಸಿಯೋ ಉದ್ಯೋಗ ಹುಡುಕಾಟಕ್ಕೋ ಬಿಟ್ಟಿರುತ್ತೇವೆ. ನಾನೂ ಒಬ್ಬಳು. ಕಾಂತೋದವರು ಕರೆಯುತ್ತಿರುವುದು ಎಂಟು ಜನರ ತಂಡವನ್ನು. ಅಲ್ಲಿಗೆ ತಲುಪುವುದು ನಾಲ್ವರು."

ಹಾಳೆಯಲ್ಲಿ ಮೂರೂ ಕಾಲೇಜಿನ ಹುಡುಗಿಯರ ಹೆಸರುಗಳಿದ್ದವು, ಯಾರು ಯಾವ ವರ್ಷ ಹೋಗುತ್ತಾರೆಂಬ ಲೆಕ್ಕವಿತ್ತು. ಮುಂದಿನ ವರ್ಷಕ್ಕೆ ಒಂದೊಂದೇ ಕಾಲೇಜು ನೋಡಿದರೆ ಎಲ್ಲಿಯೂ ಏಳು ಜನರಿಲ್ಲ. ಎಣಿಸುವುದು ನನ್ನ ಕಸುಬು. ಈ ಲೆಕ್ಕ ನಾನು ಹಾಕಿರಲಿಲ್ಲ.

ಕಾಂತೋದವರು ಏನೆಂದರು ಎಂದು ಕೇಳಿದೆ. ಜಾಗ ಒಂದೇ ಇದೆ ಎಂದರಂತೆ.

ಒಂದೇ ಜಾಗವೆಂದರೆ ಒಂದೇ ತಂಡ. ಮೂರು ಕಾಲೇಜು ಸೇರಿ ಒಂದು ತಂಡವಾದರೆ?

೫ ಜುಲೈ, ಸೋಮವಾರ

ತೊಯೊಹಾಶಿ ಕಾಲೇಜು ತನ್ನ ಕ್ಲಬ್ ಮುಚ್ಚಿಬಿಟ್ಟಿತು. ಅಲ್ಲಿ ಉಳಿದಿದ್ದ ಮೂವರು, ನಾವು ಹೇಗಾದರೂ ಬರುತ್ತೇವೆ ಎಂದು ಬರೆದಿದ್ದಾರೆ. ಬರಲಿ.

ಹೆಸರಿನ ಬಗ್ಗೆ ಇವತ್ತು ಜೂಮಿನಲ್ಲಿ ಒಂದು ಗಂಟೆ ಮಾತಾಡಿದೆವು. ಯಾವ ಕಾಲೇಜಿನ ಹೆಸರಿಟ್ಟರೂ ಉಳಿದವರಿಗೆ ಮುಜುಗರ. ಕೊನೆಗೆ ಕುಮಾಗಾಯ್ ಸಾನ್, ಇದಾ ಊರಿನ ಮುಂದೆ ಹರಿಯುವ ನೀರೇ ಹಮಾಮತ್ಸುವಿನಲ್ಲಿ ಸಮುದ್ರ ಸೇರುತ್ತದಲ್ಲ ಎಂದರು. ತೆನ್ರ್ಯೂ. ತೊಯೊಹಾಶಿಯ ಹುಡುಗಿಯೊಬ್ಬಳು, ನಮ್ಮೂರಿನ ನದಿ ಬೇರೆ, ಆದರೂ ಅಡ್ಡಿಯಿಲ್ಲ ಎಂದಳು.

೧೨ ಸೆಪ್ಟೆಂಬರ್, ಭಾನುವಾರ

ಕೋವಿಡ್ ತುರ್ತುಸ್ಥಿತಿ. ಆಟದ ಮನೆ ಮುಚ್ಚಿದೆ. ವಿದ್ಯಾರ್ಥಿ ವಿಭಾಗದ ಸುಜುಕಿ ಸಾನ್ ಮಾತ್ರ ತೆರೆದಿದ್ದಾರೆ, ಅಲ್ಲಿಗೆ ಈ ವಾರ ನಾಲ್ಕು ಸಲ ಹೋದೆ. ಜಂಟಿ ತಂಡಕ್ಕೆ ವಿಶ್ವವಿದ್ಯಾಲಯದ ಹೆಸರಿಲ್ಲ, ಹೆಸರಿಲ್ಲದ ತಂಡಕ್ಕೆ ಆಟದ ಮನೆ ಕೊಡುವಂತಿಲ್ಲ. ಮೊದಲ ಸಲ ನಿಯಮ ತೋರಿಸಿದರು. ಎರಡನೆಯ ಸಲ, ಅರ್ಜಿಯ ನಮೂನೆಯಲ್ಲಿ ಅದಕ್ಕೆ ಜಾಗವೇ ಇಲ್ಲ ಎಂದರು. ಮೂರನೆಯ ಸಲ ಚಹಾ ಕೊಟ್ಟರು. ಶುಕ್ರವಾರ ನಾನು 'ಜಂಟಿ ತಂಡ' ಎಂಬ ಅಂಕಣ ಸೇರಿಸಿ, ಅವರದೇ ಅಕ್ಷರಶೈಲಿಯಲ್ಲಿ ಹೊಸ ನಮೂನೆ ಮಾಡಿ ಒಯ್ದೆ. ತುಂಬ ಹೊತ್ತು ನೋಡಿ, ಗೆರೆ ಸ್ವಲ್ಪ ದಪ್ಪವಾಗಿದೆ ಎಂದರು. ತಿದ್ದಿಕೊಟ್ಟೆ. ತೆಗೆದುಕೊಂಡರು.

ಹಂಸಾ ಬೇಸರ ಮಾಡಿಕೊಂಡಿದ್ದಾಳೆ. ಫೋನ್ ಮಾಡಿದರೆ ಬರೀ ಕಬಡ್ಡಿ ಮಾತಾಡ್ತೀಯ ಎಂದಳು. ಇಲ್ಲವಲ್ಲ, ಅಣ್ಣನ ವಿಷಯವನ್ನೂ ಹೇಳಿದ್ದೆ.

೨೩ ಅಕ್ಟೋಬರ್, ಶನಿವಾರ

ಕಾಂತೋ ಲೀಗಿನ ಮಹಾಸಭೆ. ಈ ಸಲ ತೋಕ್ಯೋದಲ್ಲಿ, ಮುಖಾಮುಖಿ. ಹನ್ನೆರಡು ತಂಡಗಳ ಪ್ರತಿನಿಧಿಗಳು, ಮೇಜುಗಳ ನಡುವೆ ಪ್ಲಾಸ್ಟಿಕ್ ಹಾಳೆ. ನಾನು, ಮೊಚಿಜುಕಿ, ಕುಮಾಗಾಯ್ ಸಾನ್. ಅವರು ತೆಗೆದಿಟ್ಟಿದ್ದ ಸೂಟ್ ಹಾಕಿಕೊಂಡು ಬಂದಿದ್ದರು.

ಜಪಾನಿ ಭಾಷೆಯಲ್ಲಿ ಹದಿನೈದು ನಿಮಿಷ ಮಾತಾಡಿದೆ. ಮುಂದಿನ ಸಾಲಿನ ಒಬ್ಬರು ಕೇಳಿದರು: ಇಂಥ ತಂಡ ಗೆದ್ದರೆ ಅದು ಯಾವ ಕಾಲೇಜಿನ ಗೆಲುವು? ನಾಳೆ ಎಲ್ಲರೂ ಒಳ್ಳೆಯ ಆಟಗಾರರನ್ನು ಆರಿಸಿ ಜಂಟಿ ತಂಡ ಕಟ್ಟಿದರೆ?

"ಮೊದಲು ಸೋಲುವುದಕ್ಕೆ ಒಂದು ಜಾಗ ಕೊಡಿ. ಗೆದ್ದ ದಿನ ಆ ಪ್ರಶ್ನೆಗೆ ಉತ್ತರ ಹುಡುಕಲು ನಾನೇ ಬರುತ್ತೇನೆ," ಎಂದೆ.

ಯಾರೋ ನಕ್ಕರು. ಮತ ಹಾಕಿದರು. ಏಳು ಪರ, ಐದು ವಿರುದ್ಧ. ಶಿಜುಒಕದವರಿಗೆ ಇನ್ನೂ ಮತವಿಲ್ಲ, ಮೂಲೆಯಲ್ಲಿ ಕೂತಿದ್ದರು. ಆಮೇಲೆ ಬಂದು ಮೊಚಿಜುಕಿಯ ಮುಂದೆ ತಲೆ ಬಾಗಿಸಿದರು.

ಒಂದು ಷರತ್ತು. ಜಂಟಿ ತಂಡ ಲೀಗಿನಲ್ಲಿ ಆಡಬಹುದು, ಮೊದಲ ಸ್ಥಾನ ಬಂದರೂ ರಾಷ್ಟ್ರೀಯ ಪಂದ್ಯಕ್ಕೆ ಹೋಗುವಂತಿಲ್ಲ. ಉತ್ತರಕ್ಕೆ ಹತ್ತು ನಿಮಿಷ ಕೊಟ್ಟರು. ಮೊಚಿಜುಕಿ ಹೊರಗೆ ಹೋಗಿ ಹುಡುಗಿಯರಿಗೆಲ್ಲ ಮೆಸೇಜ್ ಹಾಕಿದಳು. ಎಲ್ಲರ ಉತ್ತರ ಬಂತು. ಶಿಓಜಾವಾ ಬರೆದದ್ದು ಒಂದೇ ಸಾಲು: 'ಆಡುವುದು ಎಂದಿನಿಂದ?'

ಒಪ್ಪಿದೆವು.

೨೩ ಮಾರ್ಚ್ ೨೦೨೨, ಬುಧವಾರ

ಮೊಚಿಜುಕಿ ತಂಡ ಬಿಟ್ಟಳು. ನಾಲ್ಕನೆಯ ವರ್ಷವಿಡೀ ಉದ್ಯೋಗದ ಸಂದರ್ಶನಗಳು. ಪಿಯಾನೊ ತಯಾರಿಸುವ ಕಂಪನಿಯೊಂದರ ಮೇಲೆ ಕಣ್ಣಿಟ್ಟಿದ್ದಾಳೆ. ಇವಳ ಕೈಯಲ್ಲಿದ್ದ ಒಂದೂವರೆ ವರ್ಷದಲ್ಲಿ ಲೀಗಿನ ಪಂದ್ಯ ಒಂದೂ ನಡೆಯಲಿಲ್ಲ. ಎಲ್ಲವೂ ರದ್ದಾಯಿತು. ಅಂದು ಬೈದದ್ದಕ್ಕೆ ಕ್ಷಮೆ ಕೇಳಿದೆ.

"ಬೈದಿರಿ. ಮರುದಿನ ಅರ್ಜಿ ಬರೆದಿರಿ," ಎಂದಳು. "ನನಗೆ ನೆನಪಿರುವುದು ಅರ್ಜಿ."

೧೪ ಮೇ, ಶನಿವಾರ. ತೋಕ್ಯೋ

ಮೊದಲ ಪಂದ್ಯ. ಎದುರಿಗೆ ಶಿಜುಒಕದವರೇ. ಪ್ರೇಕ್ಷಕರು ಬರಬಹುದು, ಚಪ್ಪಾಳೆ ಹೊಡೆಯಬಹುದು, ಬಾಯಿಬಿಟ್ಟು ಕೂಗುವಂತಿಲ್ಲ. ಮೊಚಿಜುಕಿ ಯಾವುದೋ ಸಂದರ್ಶನ ಮುಗಿಸಿ ಕಪ್ಪು ಸೂಟಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಳು.

ಮೊದಲರ್ಧದಲ್ಲಿ ನಮ್ಮವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಮೂರು ಕಾಲೇಜಿನವರು ಎರಡು ವಾರಕ್ಕೊಮ್ಮೆ ಕಲಿತದ್ದು, ಎರಡೇ ನಿಮಿಷದಲ್ಲಿ ಮರೆತುಹೋಯಿತು. ೮–೨೧. ವಿರಾಮದಲ್ಲಿ ಕುಮಾಗಾಯ್ ಸಾನ್ ಎಲ್ಲರಿಗೂ ನೀರು ಕೊಟ್ಟರು. ನಾನು ಪಾಯಿಂಟ್ ಹಾಳೆ ತೋರಿಸಿದೆ: ಹೋದ ಇಪ್ಪತ್ತೊಂದರಲ್ಲಿ ಹದಿಮೂರು ಎಡ ಮೂಲೆಯಿಂದ ಹೋಗಿವೆ. ತೊಯೊಹಾಶಿಯ ಹುಡುಗಿ ನಾನು ಅಲ್ಲಿ ನಿಲ್ಲುತ್ತೇನೆ ಎಂದಳು. ನಿಂತಳು. ಆಮೇಲೆ ಆ ಮೂಲೆಯಿಂದ ಎರಡೇ ಪಾಯಿಂಟ್ ಹೋದವು.

ಕೊನೆಯ ನಿಮಿಷ, ೨೨–೩೧. ಗೆಲ್ಲುವ ಮಾತಿಲ್ಲ. ಆದರೆ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೆ ಲೀಗಿನಲ್ಲಿ ಒಂದು ಅಂಕ ಸಿಗುತ್ತದೆ. ಶಿಓಜಾವಾ ರೈಡಿಗೆ ಹೋದಳು. ತಗ್ಗಿದ ದನಿ, ಒಂದೇ ಸಮನೆ. ಒಬ್ಬಳನ್ನು ಮುಟ್ಟಿದಳು, ಇನ್ನೊಬ್ಬಳು ಕಾಲು ಹಿಡಿದಳು, ಇಬ್ಬರೂ ಬಿದ್ದರು. ಕನ್ನಡಕ ಹಣೆಗೇರಿತು. ಗೆರೆ ಒಂದು ಮೊಳ ದೂರ. ಕೈ ಚಾಚಿದಳು, ಸಾಲಲಿಲ್ಲ, ಉಸಿರು ಬಿಡದೆ ಎಳೆದುಕೊಂಡು ಬಂದಳು, ಮತ್ತೆ ಚಾಚಿದಳು.

"ಬಾರೇ, ಮುಟ್ಟೇ! ಗೆರೆ ಮುಟ್ಟೇ!"

ಎಲ್ಲರೂ ನನ್ನ ಕಡೆ ತಿರುಗಿದರು. ಅಧಿಕಾರಿಯೊಬ್ಬರು ಓಡಿ ಬಂದು 'ಮೌನವಾಗಿ ಹುರಿದುಂಬಿಸಿ' ಎಂಬ ಫಲಕ ಹಿಡಿದು ನಿಂತರು. ಸುಮಿಮಾಸೆನ್, ಕ್ಷಮಿಸಿ ಎಂದು ಎರಡು ಸಲ ತಲೆ ಬಾಗಿಸಿದೆ. ಅಷ್ಟರಲ್ಲಿ ಅವಳ ಬೆರಳು ಗೆರೆಯ ಮೇಲಿತ್ತು. ಎರಡು ಪಾಯಿಂಟ್. ೨೪–೩೧.

ಹೊರಗೆ ಬಂದ ಮೇಲೆ, ನಾನು ಕೂಗಿದ್ದು ಕೇಳಿಸಿತೇ ಎಂದು ಶಿಓಜಾವಾಳನ್ನು ವಿಚಾರಿಸಿದೆ. ಇಲ್ಲ ಸೆನ್ಸೇ, ಏನೂ ಕೇಳಿಸಲಿಲ್ಲ ಎಂದಳು.

೧೫ ಮೇ, ಭಾನುವಾರ

ಬೆಳಿಗ್ಗೆ ಲೀಗಿನ ಪಟ್ಟಿ ಬಂತು. ಹದಿನಾಲ್ಕು ತಂಡ. ನಾವು ಹನ್ನೊಂದನೆಯವರು. ತೆನ್ರ್ಯೂ: ಆಡಿದ್ದು ಒಂದು, ಸೋತದ್ದು ಒಂದು, ಅಂಕ ಒಂದು. ನಮ್ಮ ಕೆಳಗೆ ಮೂರು ತಂಡಗಳಿವೆ. ಕುಮಾಗಾಯ್ ಸಾನ್ ಅದನ್ನು ಕಾಗದಕ್ಕೆ ಇಳಿಸಿ ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚುತ್ತಾರಂತೆ, ಹೊಸ ಹುಡುಗಿಯರು ನೋಡಲಿ ಎಂದು.

ಎರಡನೆಯ ಪಂದ್ಯ ೨೮ಕ್ಕೆ. ಬಲ ಮೂಲೆಯಲ್ಲಿ ಯಾರೂ ಸರಿಯಾಗಿ ನಿಲ್ಲುತ್ತಿಲ್ಲ. ಇವತ್ತು ಮಧ್ಯಾಹ್ನ ಎಲ್ಲರನ್ನೂ ತೊಯೊಹಾಶಿಗೆ ಬರಹೇಳಿದ್ದೇನೆ. ರೈಲಿಗೆ ಇನ್ನು ನಲವತ್ತು ನಿಮಿಷ ಇದೆ.